ಕಡಲು ಏರಿದರೆ ಕೊಳಚೆ ನೀರಿನ ಗತಿಯೇನು? ಬಾಸ್ಟನ್, ನ್ಯೂಯಾರ್ಕ್ ಕಲಿಸಿದ ಪಾಠ

ಕಡಲ ತೀರದ ನಗರಗಳಲ್ಲಿ ಕೊಳಚೆ ನೀರು ಶುದ್ಧೀಕರಣ ಘಟಕ ಸಾಮಾನ್ಯವಾಗಿ ಊರಿನ ತಗ್ಗಿನ ಜಾಗದಲ್ಲಿ, ನೀರಿನ ಅಂಚಿನಲ್ಲೇ ಇರುತ್ತದೆ. ಕಾರಣ ಇಷ್ಟೆ: ಮನೆಮನೆಯ ಕೊಳಚೆ ಇಳಿಜಾರಿನಲ್ಲಿ ಆದಷ್ಟು ತಾನಾಗಿ ಹರಿದು ಬರಬೇಕು, ಶುದ್ಧವಾದ ನೀರು ಸುಲಭವಾಗಿ ಸಮುದ್ರ ಸೇರಬೇಕು. ಪಂಪಿನ ಖರ್ಚು ಉಳಿಸುವ ಈ ಅನುಕೂಲವೇ ಈಗ ಅಪಾಯವಾಗಿದೆ. 1901ರಿಂದ 2018ರ ಅವಧಿಯಲ್ಲಿ ಜಗತ್ತಿನ ಸರಾಸರಿ ಸಮುದ್ರ ಮಟ್ಟ ಸುಮಾರು 20 ಸೆಂಟಿಮೀಟರ್ ಏರಿದೆ. ಏರಿಕೆಯ ವೇಗವೂ ಹೆಚ್ಚುತ್ತಿದೆ.

ತೊಂದರೆ ಏನು?

ಮೊದಲನೆಯದು, ಬಿರುಗಾಳಿಯ ಅಲೆ ಹಿಂದಿಗಿಂತ ಎತ್ತರಕ್ಕೆ ಬಂದು ಘಟಕದೊಳಗೆ ನುಗ್ಗುತ್ತದೆ. ಉಪ್ಪು ನೀರು ತಗುಲಿದರೆ ಮೋಟಾರು, ವಿದ್ಯುತ್ ಫಲಕಗಳು ಕೆಡುತ್ತವೆ. ಕೊಳೆಯನ್ನು ತಿಂದು ನೀರನ್ನು ಶುದ್ಧಗೊಳಿಸುವ ಬ್ಯಾಕ್ಟೀರಿಯಾಗಳಿಗೂ ಉಪ್ಪು ಒಮ್ಮೆಲೇ ಹೆಚ್ಚಾದರೆ ಧಕ್ಕೆ. ಎರಡನೆಯದು, ಬಿರುಗಾಳಿ ಇಲ್ಲದಿದ್ದರೂ ಹೊರಗಿನ ಸಮುದ್ರ ಎತ್ತರವಾದಷ್ಟೂ ಶುದ್ಧ ನೀರು ಹೊರಹೋಗುವುದು ಕಷ್ಟವಾಗುತ್ತದೆ. ಮೂರನೆಯದು, ತೀರದ ಅಂತರ್ಜಲ ಏರಿ ಬಿರುಕುಬಿಟ್ಟ ಹಳೆಯ ಕೊಳವೆಗಳೊಳಗೆ ಸೋರುತ್ತದೆ.

ಮುಂಚೆಯೇ ಎತ್ತರಿಸಿದ ಬಾಸ್ಟನ್

ಅಮೆರಿಕದ ಬಾಸ್ಟನ್ ಬಂದರು ಒಂದು ಕಾಲದಲ್ಲಿ ಕೊಳಚೆಯಿಂದ ಕುಖ್ಯಾತವಾಗಿತ್ತು. ಅದನ್ನು ಶುಚಿಗೊಳಿಸಲು ನ್ಯಾಯಾಲಯ ಆದೇಶಿಸಿದ ಬಳಿಕ ಡೀರ್ ಐಲೆಂಡ್‌ನಲ್ಲಿ ಹೊಸ ಘಟಕ ನಿರ್ಮಾಣವಾಗಿ, 1995ರಿಂದ ಹಂತ ಹಂತವಾಗಿ ಕೆಲಸ ಆರಂಭಿಸಿತು. ಬಾಸ್ಟನ್ ಮತ್ತು ಸುತ್ತಲಿನ ಪಟ್ಟಣಗಳ 20 ಲಕ್ಷಕ್ಕೂ ಹೆಚ್ಚು ಜನರ ಕೊಳಚೆ ಇಲ್ಲಿಗೆ ಬರುತ್ತದೆ. ಶುದ್ಧವಾದ ನೀರು ಸಮುದ್ರತಳದ ಕೆಳಗಿನ ಸುಮಾರು 15 ಕಿಲೋಮೀಟರ್ ಉದ್ದದ ಸುರಂಗದ ಮೂಲಕ ತನ್ನ ಭಾರದಿಂದಲೇ ಹರಿದು ಹೋಗುತ್ತದೆ. ಈ ಸುರಂಗ 2000ದ ಸೆಪ್ಟೆಂಬರ್‌ನಲ್ಲಿ ಬಳಕೆಗೆ ಬಂತು.

ವಿನ್ಯಾಸ ಮಾಡುವಾಗಲೇ ಎಂಜಿನಿಯರುಗಳು ಮುಂದಿನ ಲೆಕ್ಕ ಹಾಕಿದ್ದರು. ಸಮುದ್ರ ಏರಿದ ಮೇಲೆ ಸುತ್ತಲೂ ಗೋಡೆ ಕಟ್ಟಿದರೆ, ಶುದ್ಧ ನೀರನ್ನು ಆ ಗೋಡೆ ದಾಟಿಸಲು ಭಾರಿ ಪಂಪುಗಳೂ ಬೇಕಾಗುತ್ತವೆ. ಆದ್ದರಿಂದ 2050ರವರೆಗಿನ ಏರಿಕೆಯನ್ನು ಅಂದಾಜಿಸಿ ಘಟಕವನ್ನೇ ಸುಮಾರು 1.9 ಅಡಿ ಎತ್ತರದಲ್ಲಿ ಕಟ್ಟಲಾಯಿತು.

ಪೆಟ್ಟು ತಿಂದು ಕಲಿತ ನ್ಯೂಯಾರ್ಕ್

2012ರ ಅಕ್ಟೋಬರ್ 29ರಂದು ಅಪ್ಪಳಿಸಿದ ಸ್ಯಾಂಡಿ ಚಂಡಮಾರುತದಲ್ಲಿ ನ್ಯೂಯಾರ್ಕ್ ನಗರದ 14 ಘಟಕಗಳ ಪೈಕಿ 10, ಕೊಳಚೆ ಎತ್ತುವ 96 ಪಂಪ್‌ಹೌಸ್‌ಗಳ ಪೈಕಿ 42 ಹಾನಿಗೊಂಡವು ಇಲ್ಲವೇ ವಿದ್ಯುತ್ ಕಳೆದುಕೊಂಡವು. ನಗರದ ಹೊರಗೆ, ಲಾಂಗ್ ಐಲೆಂಡಿನ ಬೇ ಪಾರ್ಕ್ ಘಟಕ ಸುಮಾರು ಎರಡು ದಿನ ಸ್ಥಗಿತಗೊಂಡು, ಹಸಿ ಕೊಳಚೆ ಬೀದಿಗಳಿಗೂ ಮನೆಗಳಿಗೂ ಉಕ್ಕಿತು.

ಆ ಬಳಿಕ 2013ರಲ್ಲಿ ನಗರಾಡಳಿತ ಪ್ರತಿ ಘಟಕವನ್ನೂ ಪರಿಶೀಲಿಸಿ ಯೋಜನೆ ರೂಪಿಸಿತು. ನೂರು ವರ್ಷಕ್ಕೊಮ್ಮೆ ಬರಬಹುದಾದ ನೆರೆಯ ಮಟ್ಟಕ್ಕೆ 30 ಅಂಗುಲ ಸೇರಿಸಿ ರಕ್ಷಣೆಯ ಎತ್ತರ ನಿಗದಿಯಾಯಿತು. ಸೂಚಿಸಲಾದ ಕ್ರಮಗಳು ಹೀಗಿವೆ:

* ಮೋಟಾರು, ವಿದ್ಯುತ್ ಫಲಕಗಳನ್ನು ಎತ್ತರಕ್ಕೆ ಸ್ಥಳಾಂತರಿಸುವುದು
* ಸ್ಥಳಾಂತರಿಸಲಾಗದ ಕಡೆ ನೀರಲ್ಲಿ ಮುಳುಗಿದರೂ ಕೆಡದ ಯಂತ್ರ ಬಳಸುವುದು
* ಕಟ್ಟಡದ ಬಾಗಿಲು, ಕಿಟಕಿ, ಕೊಳವೆ ಸಂದುಗಳನ್ನು ನೀರು ಬಾರದಂತೆ ಮುಚ್ಚುವುದು
* ಶಾಶ್ವತ ತಡೆಗೋಡೆ. ತುರ್ತಿನಲ್ಲಿ ಮರಳು ಚೀಲ
* ಬದಲಿ ವಿದ್ಯುತ್ ವ್ಯವಸ್ಥೆ

ಗೋಡೆಯೊಂದೇ ಸಾಲದು

ತಡೆಗೋಡೆ ಹೊರಗಿನ ಅಲೆಯನ್ನು ತಡೆದೀತು. ಆದರೆ ಒಳಗೆ ಸುರಿದ ಮಳೆ ನೀರನ್ನೂ ಶುದ್ಧೀಕರಿಸಿದ ನೀರನ್ನೂ ಆಚೆ ಹಾಕುವ ದಾರಿ ಬೇಕೇ ಬೇಕು. ದೂರದ ಪಂಪ್‌ಹೌಸ್ ಮುಳುಗಿದರೆ, ಘಟಕ ಸುರಕ್ಷಿತವಾಗಿದ್ದರೂ ಕೊಳಚೆ ಅಲ್ಲಿಗೆ ತಲುಪುವುದಿಲ್ಲ. ಹಿಮ್ಮೆಟ್ಟಿ ಮನೆಗಳಿಗೇ ಬರುತ್ತದೆ. ಆದ್ದರಿಂದ ರಕ್ಷಣೆಯ ಲೆಕ್ಕ ಇಡೀ ಜಾಲಕ್ಕೆ ಆಗಬೇಕು. ಇಂಥ ಘಟಕಗಳು ಹತ್ತಾರು ವರ್ಷ ಬಾಳುವಂಥವು. ಕಟ್ಟುವಾಗಲೇ ಎರಡು ಅಡಿ ಎತ್ತರಿಸುವುದು ಸುಲಭ; ಕಟ್ಟಿ ಮುಗಿದ ಮೇಲೆ ಅದೇ ಎರಡು ಅಡಿ ಬಲು ದುಬಾರಿ.