ಸಾಲದ ಪತ್ರ, ಮತದ ಚೀಟಿ

ಮಲೆನಾಡು ಮುಗಿದು ಬಯಲುಸೀಮೆ ತೊಡಗುವ ಅಂಚಿನಲ್ಲಿ ಕಡೂರು, ತರೀಕೆರೆ, ಅಜ್ಜಂಪುರಗಳಿವೆ. ಇಂದಿನ ಚಿಕ್ಕಮಗಳೂರು ಜಿಲ್ಲೆಗೆ 1947ರವರೆಗೂ ಕಡೂರು ಜಿಲ್ಲೆಯೆಂದೇ ಹೆಸರು. ತರೀಕೆರೆಯ ಅಡಕೆ, ಕಡೂರಿನ ರಾಗಿ ತೆಂಗು, ಅಜ್ಜಂಪುರದ ಈರುಳ್ಳಿ, ಇವೆಲ್ಲವೂ ಮಳೆಯನ್ನೂ ಮಾರುಕಟ್ಟೆಯನ್ನೂ ನಂಬಿದ ಬೆಳೆಗಳು. ಎರಡರಲ್ಲೊಂದು ಕೈಕೊಟ್ಟರೆ ರೈತನಿಗೆ ಉಳಿಯುವ ದಾರಿ ಸಾಲ. ಆ ಸಾಲ ಚುನಾವಣೆಯ ಮಾತಾದದ್ದು ಯಾವಾಗ, ಹೇಗೆ ಎಂಬುದನ್ನು ಈಗ ನೋಡೋಣ.

ಹಳೆಯ ಮೈಸೂರಿನಲ್ಲಿ ಸಾಲವು ಇಬ್ಬರ ನಡುವಣ ವ್ಯವಹಾರವಾಗಿತ್ತು. ಸಾಹುಕಾರನ ಮುಖ ರೈತನಿಗೆ ಗೊತ್ತು. ಗಿರವಿಯಿಟ್ಟ ಒಡವೆ ಯಾರ ಪೆಟ್ಟಿಗೆಯಲ್ಲಿದೆ ಎಂಬುದೂ ಗೊತ್ತು. ಚಕ್ರಬಡ್ಡಿಯ ಹಿಡಿತದಿಂದ ಒಕ್ಕಲನ್ನು ಬಿಡಿಸಲೆಂದು 1905ರಲ್ಲಿ ಮೈಸೂರು ಸಂಸ್ಥಾನ ಸಹಕಾರ ಸಂಘಗಳ ಕಾನೂನನ್ನು ತಂದಿತು. ಅದೇ ವರ್ಷ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರು ಕೃಷಿ ಪತ್ತಿನ ಸಂಘವನ್ನು ಕಟ್ಟಿದರು. ಮೈಸೂರಿನಲ್ಲಿ 1928ರಲ್ಲಿ ರೈತರ ಋಣಭಾರಕ್ಕೆಂದೇ ಬೇರೆ ಕಾನೂನು ಬಂತು. ಆದರೆ ಆ ಕಾಲದಲ್ಲಿ ಮತಾಧಿಕಾರ ಆಸ್ತಿವಂತರದು. ಸಾಲಗಾರ ತನ್ನ ಕಷ್ಟವನ್ನು ನ್ಯಾಯಾಲಯಕ್ಕೆ ಒಯ್ಯಬಹುದಿತ್ತು, ಮತಪೆಟ್ಟಿಗೆಗೆ ಒಯ್ಯುವಂತಿರಲಿಲ್ಲ.

ಎಲ್ಲರಿಗೂ ಮತ ದೊರೆತ ಮೇಲೆ ಈ ಸ್ಥಿತಿ ಬದಲಾಯಿತು. 1976ರಲ್ಲಿ ದೇವರಾಜ ಅರಸರ ಸರ್ಕಾರ ಋಣಪರಿಹಾರ ಕಾಯಿದೆಯನ್ನು ಜಾರಿಗೆ ತಂದು ಸಣ್ಣ ರೈತರು, ಭೂಹೀನ ಕೂಲಿಗಳು, ದುರ್ಬಲ ವರ್ಗದವರು ಖಾಸಗಿಯಾಗಿ ಮಾಡಿದ್ದ ಸಾಲ ತೀರಿತೆಂದು ಸಾರಿತು. 1978ರ ಫೆಬ್ರವರಿಯ ವಿಧಾನಸಭಾ ಚುನಾವಣೆಗೆ ಅರಸರು ಹೋದದ್ದು ಭೂಸುಧಾರಣೆಯ ಜೊತೆಗೆ ಈ ಬಲವನ್ನೂ ಹೊತ್ತು; ಅವರ ಪಕ್ಷ 224ರಲ್ಲಿ 149 ಸ್ಥಾನಗಳನ್ನು ಗೆದ್ದಿತು. ಅದೇ ನವೆಂಬರಿನಲ್ಲಿ ಇಂದಿರಾ ಗಾಂಧಿಯವರು ಚಿಕ್ಕಮಗಳೂರು ಲೋಕಸಭಾ ಕ್ಷೇತ್ರದ ಉಪಚುನಾವಣೆಗೆ ನಿಂತಾಗ ದೇಶದ ಕಣ್ಣೆಲ್ಲ ಈ ಸೀಮೆಯ ಮೇಲೆ ನೆಟ್ಟಿತ್ತು. ಸಾಲದ ಹೊರೆ ಇಳಿದವನಿಗೆ ಅದು ಸಣ್ಣ ಉಪಕಾರವಲ್ಲ. ಆದರೆ ಮುಂದಿನ ಮುಂಗಾರಿಗೆ ಬೀಜ ಗೊಬ್ಬರದ ಹಣವನ್ನು ಯಾರು ಕೊಡಬೇಕು ಎಂಬ ಪ್ರಶ್ನೆಗೆ ಕಾಯಿದೆಯಲ್ಲಿ ಉತ್ತರವಿರಲಿಲ್ಲ.

ಆ ತೆರವಿಗೆ ಕಾಲಕ್ರಮದಲ್ಲಿ ಬ್ಯಾಂಕು ಬಂತು, ಸಹಕಾರ ಸಂಘ ಬಂತು, ಕೊನೆಗೆ ಕಿರುಸಾಲದ ಕಂಪನಿಯೂ ಬಂತು. ಒಡವೆಯ ಗಿರವಿಯ ಬದಲು ನೆರೆಯ ಹೆಂಗಸರ ಪರಸ್ಪರ ಜಾಮೀನು. ಸುಗ್ಗಿಯ ಲೆಕ್ಕದ ಬದಲು ವಾರದ ಕಂತು. ಈರುಳ್ಳಿಯ ಬೆಲೆ ಕುಸಿದರೂ ಕಂತಿನ ದಿನ ಮುಂದಕ್ಕೆ ಹೋಗದು. ಕಿರುಸಾಲದ ಬಡ್ಡಿಗೆ ಇದ್ದ ಮಿತಿಯನ್ನು ರಿಸರ್ವ್ ಬ್ಯಾಂಕು 2022ರಲ್ಲಿ ತೆಗೆದುಹಾಕಿತು. 2018ರ ಚುನಾವಣೆಯಲ್ಲಿ ಸಾಲಮನ್ನಾ ದೊಡ್ಡ ಭರವಸೆಯಾಗಿತ್ತು. ಆ ವರ್ಷದ ಜುಲೈ ಬಜೆಟ್ಟಿನಲ್ಲಿ ಸುಮಾರು 34,000 ಕೋಟಿ ರೂಪಾಯಿಗಳ ಘೋಷಣೆಯೂ ಆಯಿತು. ಆದರೆ ಅದು ಬೆಳೆಸಾಲಕ್ಕೆ; ಮನೆಯೊಡತಿಯ ಕಂತಿಗಲ್ಲ. ಬಲವಂತದ ವಸೂಲಿಗೆ ಹತ್ತು ವರ್ಷಗಳವರೆಗೆ ಸೆರೆವಾಸ ವಿಧಿಸುವ ಸುಗ್ರೀವಾಜ್ಞೆ ಬಂದದ್ದು 2025ರ ಫೆಬ್ರವರಿಯಲ್ಲಿ, ಅನೇಕರು ಊರು ಬಿಟ್ಟ ಮೇಲೆ, ಕೆಲವರು ಪ್ರಾಣವನ್ನೇ ಬಿಟ್ಟ ಮೇಲೆ.

ಇಷ್ಟು ತಡವೇಕೆ? ಉತ್ತರಕ್ಕಾಗಿ ಚುನಾವಣೆಯ ಖರ್ಚಿನ ಕಡೆಗೂ ಕಣ್ಣು ಹಾಯಿಸಬೇಕು. ಕಂಪನಿಗಳು ಪಕ್ಷಗಳಿಗೆ ದೇಣಿಗೆ ಕೊಡುವುದನ್ನು 1969ರಲ್ಲಿ ನಿಷೇಧಿಸಲಾಯಿತು; 1985ರಲ್ಲಿ ಮತ್ತೆ ಅನುಮತಿ ದೊರೆಯಿತು. 2017ರಲ್ಲಿ ಕಂಪನಿಯ ಲಾಭಕ್ಕನುಗುಣವಾಗಿ ಇದ್ದ ಮಿತಿಯೂ ಹೋಯಿತು. 2018ರಲ್ಲಿ ಬಂದ ಚುನಾವಣಾ ಬಾಂಡುಗಳನ್ನು ಸುಪ್ರೀಂ ಕೋರ್ಟು 2024ರ ಫೆಬ್ರವರಿ 15ರಂದು ರದ್ದುಪಡಿಸಿತು. ನಡುವೆ ಕರ್ನಾಟಕದಲ್ಲಿ 2018 ಮತ್ತು 2023ರ ಎರಡು ವಿಧಾನಸಭಾ ಚುನಾವಣೆಗಳು ನಡೆದುಹೋದವು. ಯಾವ ಕಂಪನಿ ಯಾವ ಪಕ್ಷಕ್ಕೆ ಬಾಂಡಿನ ಮೂಲಕ ಎಷ್ಟು ಕೊಟ್ಟಿತೆಂಬುದನ್ನು ಅರಿಯದೆಯೇ ಕಡೂರಿನವರೂ ತರೀಕೆರೆಯವರೂ ಮತ ಹಾಕಿದರು. ಇಂಥದೇ ಕಂಪನಿ ಇಂಥದೇ ಕಾನೂನನ್ನು ತಡೆಯಿತೆಂದು ಹೇಳುವುದು ನನ್ನ ಉದ್ದೇಶವಲ್ಲ. ಆ ಸಂಶಯವನ್ನು ಪರೀಕ್ಷಿಸುವ ಸಾಧನವೇ ಮತದಾರನ ಕೈಯಲ್ಲಿರಲಿಲ್ಲ ಎಂಬುದೇ ಮುಖ್ಯವಾದ ಮಾತು.

ಸಾಲ ಕೊಡುವ ಕಂಪನಿ ಅಜ್ಜಂಪುರದ ಹೆಂಗಸಿನ ಆಧಾರ್ ಕೇಳುತ್ತದೆ, ಆದಾಯ ಕೇಳುತ್ತದೆ, ಅವಳ ಹಳೆಯ ಸಾಲಗಳ ಲೆಕ್ಕವನ್ನೂ ಕೇಳುತ್ತದೆ. ಸಾಲಗಾರಳ ಬಗೆಗೆ ಸಾಲಿಗನಿಗೆ ಇಷ್ಟೆಲ್ಲ ತಿಳಿಯುವ ಹಕ್ಕಿರುವಾಗ, ತನ್ನ ಮತ ಬೇಡಲು ಬಂದವನ ಬೆನ್ನ ಹಿಂದೆ ಯಾರ ಹಣವಿದೆಯೆಂದು ತಿಳಿಯುವ ಹಕ್ಕು ಅವಳಿಗೂ ಇರಬೇಡವೆ? ಸಾಲಮನ್ನಾದ ಭರವಸೆ ಚುನಾವಣೆಯಿಂದ ಚುನಾವಣೆಗೆ ಬಂದು ಹೋಗುತ್ತದೆ. ಈ ಹಕ್ಕು ಒಮ್ಮೆ ಕೈಗೆ ಬಂದರೆ ಐದು ವರ್ಷವೂ ಅವಳ ಬಳಿ ಉಳಿಯುತ್ತದೆ.