ಬಾಗಲಕೋಟೆ, ಕುಡಚಿ ಹಳಿಗಳ ಹಳೆಯ ಡೀಸೆಲ್ ಇಂಜಿನ್‌ಗಳು

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಸೀಮೆಯ ಜನ ರೈಲು ಹತ್ತಬೇಕಾದರೆ ಪೂರ್ವಕ್ಕೆ ಬಾಗಲಕೋಟೆಗೋ ಪಶ್ಚಿಮಕ್ಕೆ ಕುಡಚಿಗೋ ಹೋಗಬೇಕಿತ್ತು. ಬಾಗಲಕೋಟೆ ಇರುವ ಗದಗ–ಹೊಟಗಿ ಮತ್ತು ಕುಡಚಿ ಇರುವ ಮೀರಜ್–ಲೋಂಡಾ, ಈ ಎರಡೂ ಹಾದಿಗಳು 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಹಾಕಿದ ಮೀಟರ್ ಗೇಜ್ ಹಳಿಗಳು. ಉಗಿಬಂಡಿಯ ಕಾಲ ಮುಗಿದ ಮೇಲೆ ಇಲ್ಲಿ ಓಡಿದ ಡೀಸೆಲ್ ಇಂಜಿನ್‌ಗಳು ಬಹುಮಟ್ಟಿಗೆ ಅಮೆರಿಕದ ಆಲ್ಕೋ ಕಂಪನಿಯ ವಿನ್ಯಾಸದವು. ದಾಯಾದಿಗಳಾದ್ದರಿಂದ ಅವುಗಳ ಮುಖ ಒಂದೇ ತೆರ. ಗುರುತು ಹಿಡಿಯುವುದು ಕಣ್ಣಿಗೆ ಒಳ್ಳೆಯ ಪರೀಕ್ಷೆ.

ಮೊದಲು ಹೆಸರನ್ನು ಬಿಡಿಸಿ ಓದಬೇಕು. ಮೊದಲಕ್ಷರ ‘ವೈ’ ಆದರೆ ಮೀಟರ್ ಗೇಜ್, ‘ಡಬ್ಲ್ಯು’ ಆದರೆ ಬ್ರಾಡ್ ಗೇಜ್. ‘ಡಿ’ ಎಂದರೆ ಡೀಸೆಲ್. ಮೂರನೆಯ ಅಕ್ಷರ ಕೆಲಸ ಹೇಳುತ್ತದೆ: ‘ಜಿ’ ಗೂಡ್ಸ್, ‘ಪಿ’ ಪ್ಯಾಸೆಂಜರ್, ‘ಎಂ’ ಎರಡಕ್ಕೂ.

ಮೀಟರ್ ಗೇಜಿನ ದುಡಿಮೆಗಾರ ವೈಡಿಎಂ-4. ಒಂದೇ ಸಾಲಿನಲ್ಲಿ ಆರು ಸಿಲಿಂಡರ್, ಸುಮಾರು 1,400 ಅಶ್ವಶಕ್ತಿ. 1960ರ ದಶಕದ ಆರಂಭದಲ್ಲಿ ಆಮದಾಗಿ ಬಂದ ಈ ಇಂಜಿನ್ 1968ರಿಂದ ವಾರಾಣಸಿಯ ಡೀಸೆಲ್ ಲೋಕೋಮೋಟಿವ್ ವರ್ಕ್ಸ್‌ನಲ್ಲೇ ತಯಾರಾಯಿತು. ಇದರ ಜೋಡಿ ವೈಡಿಎಂ-4ಎ, ಕೆನಡಾದ ಮಾಂಟ್ರಿಯಲ್ ಕಾರ್ಖಾನೆಯದು. ದೂರದಿಂದ ಎರಡರ ನಡುವೆ ವ್ಯತ್ಯಾಸ ಕಾಣುವುದಿಲ್ಲ. ಹತ್ತಿರ ಹೋಗಿ ತಯಾರಕರ ಲೋಹದ ಫಲಕ ಓದಿದರೆ ಮಾತ್ರ ತಿಳಿಯುತ್ತದೆ. ಮೀಟರ್ ಗೇಜ್ ಕಿತ್ತು ಕೆಲಸ ತಪ್ಪಿದ ಮೇಲೆ ದೇಶದ ಕೆಲವು ವೈಡಿಎಂ-4ಗಳು ಮ್ಯಾನ್ಮಾರ್ ಸೇರಿದವು.

ಮೀರಜ್–ಲೋಂಡಾ ಹಾದಿ ಬ್ರಾಡ್ ಗೇಜ್ ಆದದ್ದು 1990ರ ದಶಕದಲ್ಲಿ. ಬಾಗಲಕೋಟೆಯ ಸರದಿ ಬಂದದ್ದು 2000ದ ನಂತರ. ಅಗಲ ಹಳಿಯ ಮುಖ್ಯ ಇಂಜಿನ್ ಆಗಿದ್ದದ್ದು ಡಬ್ಲ್ಯುಡಿಎಂ-2: ಇಂಗ್ಲಿಷಿನ ‘ವಿ’ ಆಕಾರದಲ್ಲಿ ಕೂರಿಸಿದ 16 ಸಿಲಿಂಡರ್, 2,600 ಅಶ್ವಶಕ್ತಿ. 1962ರಲ್ಲಿ ಅಮೆರಿಕದಿಂದ ಬಂತು, 1964ರಿಂದ ವಾರಾಣಸಿಯಲ್ಲಿ ಸಿದ್ಧವಾಯಿತು. ಇವುಗಳಲ್ಲೇ ಕೆಲವಕ್ಕೆ ‘ಜಂಬೋ’ ಎಂಬ ಅಡ್ಡಹೆಸರು. ಅವುಗಳ ಗಿಡ್ಡ ಮೂಗು ಚಾಲಕನ ಕೋಣೆಯಷ್ಟೇ ಅಗಲ, ಎತ್ತರದಲ್ಲಿ ತಗ್ಗು, ಕಿಟಕಿಗಳು ದೊಡ್ಡವು.

ನಿಜವಾದ ತೊಡಕು ಡಬ್ಲ್ಯುಡಿಎಂ-3ಎ ಬಂದಾಗ ಶುರುವಾಯಿತು. 1990ರ ದಶಕದಲ್ಲಿ ಡಬ್ಲ್ಯುಡಿಎಂ-2ಸಿ ಎಂಬ ಹೆಸರಿನಲ್ಲಿ ಹುಟ್ಟಿದ ಇದರ ಬಲ 3,100 ಅಶ್ವಶಕ್ತಿ. ಹೊಸ ಹೆಸರಿನ ‘3’ ಸಾವಿರಗಳನ್ನೂ ‘ಎ’ ಮೇಲಿನ ನೂರನ್ನೂ ಸೂಚಿಸುತ್ತವೆ. ಪಟಿಯಾಲಾದ ಕಾರ್ಖಾನೆಯಲ್ಲಿ ಹಳೆಯ ಡಬ್ಲ್ಯುಡಿಎಂ-2ಗಳನ್ನೇ ಮತ್ತೆ ಕಟ್ಟಿ 3ಎ ಮಾಡಿದ್ದರಿಂದ ಮೈಕಟ್ಟು ನೋಡಿ ತೀರ್ಮಾನಿಸುವಂತಿಲ್ಲ. ಅಂಥವುಗಳ ನಂಬರಿನ ಕೊನೆಗೆ ‘ಆರ್’ ಅಕ್ಷರವಿದ್ದರೆ ಮರುಜನ್ಮದ ಇಂಜಿನ್ ಎಂದು ತಿಳಿಯಬಹುದು.

ಗೂಡ್ಸ್ ಎಳೆಯುವ ಡಬ್ಲ್ಯುಡಿಜಿ-3ಎ ಬಲದಲ್ಲಿ ಡಬ್ಲ್ಯುಡಿಎಂ-3ಎಗೆ ಸಮ. ಇವೆರಡನ್ನು ಬೇರ್ಪಡಿಸಲು ಗಾಲಿಗಳ ಚೌಕಟ್ಟನ್ನು ನೋಡಬೇಕು. ರೈಲ್ವೆಯವರು ಬೋಗಿ ಎನ್ನುವುದು ಇದಕ್ಕೆ. ಊರ ಮಂದಿ ಅದೇ ಹೆಸರನ್ನು ಡಬ್ಬಿಗೆ ಕೊಟ್ಟಿದ್ದಾರೆ. ಡಬ್ಲ್ಯುಡಿಎಂ-2, 3ಎಗಳ ಚೌಕಟ್ಟಿನಲ್ಲಿ ಮೂರು ಅಚ್ಚುಗಳ ಅಂತರ ಸಮವಿಲ್ಲ, ನಡುವಿನ ಗಾಲಿ ಒಂದು ಪಕ್ಕಕ್ಕೆ ಸರಿದಿರುತ್ತದೆ. ಡಬ್ಲ್ಯುಡಿಜಿ-3ಎಗೆ ಹಳಿಯ ಮೇಲೆ ಹೆಚ್ಚು ಹಿಡಿತ ಕೊಡುವ ಬೇರೆ ಚೌಕಟ್ಟಿದೆ, ಗಾಲಿಗಳ ಅಂತರ ಸಮ. ಬಣ್ಣ ಇಂಜಿನ್ ಶೆಡ್‌ನಿಂದ ಶೆಡ್‌ಗೆ ಬದಲಾಗುತ್ತದೆ, ಅದನ್ನು ನಂಬುವಂತಿಲ್ಲ. ಪ್ಲಾಟ್‌ಫಾರ್ಮಿನ ಎದುರು ಬದಿಯ ಹಳಿಯಲ್ಲಿ ನಿಂತ ಇಂಜಿನ್ನಿನ ಗಾಲಿಗಳ ಅಂತರವನ್ನು ಗಮನಿಸಿ ನೋಡುವವರಿಗೆ ಈ ಗುರುತು ತಪ್ಪುವುದಿಲ್ಲ.