ಉಪ್ಪಿನ ಋಣ, ಮಗುವಿನ ಬುದ್ಧಿ

‘ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ’ ಎನ್ನುತ್ತದೆ ಗಾದೆ. ಉಪ್ಪಿಗೂ ತಾಯಿಗೂ ಗಾದೆ ಹೇಳದ ಇನ್ನೊಂದು ನಂಟಿದೆ: ಹುಟ್ಟಲಿರುವ ಮಗುವಿನ ಬುದ್ಧಿ. ಆ ಕತೆಯ ಮಹತ್ವದ ಅಧ್ಯಾಯ ನಡೆದದ್ದು ಈಗ ಹಿಮಾಚಲ ಪ್ರದೇಶದಲ್ಲಿರುವ ಕಾಂಗ್ಡಾ ಕಣಿವೆಯಲ್ಲಿ.

ಹಿಮಾಲಯದ ತಪ್ಪಲಿನಲ್ಲಿ ಮಣ್ಣಿನ ಅಯೋಡಿನ್ ನೀರಿನೊಡನೆ ತೊಳೆದುಹೋಗಿದೆ. ಅಲ್ಲಿ ಬೆಳೆದ ಧಾನ್ಯದಲ್ಲೂ ಅದು ಕಡಿಮೆ. ಹೀಗಾಗಿ ಕತ್ತು ಊದುವ ಗಳಗಂಡ ಅಲ್ಲಿ ಸಾಮಾನ್ಯವಾಗಿತ್ತು. ಊತವೇನೋ ಕಣ್ಣಿಗೆ ಕಾಣುತ್ತಿತ್ತು. ಅದಕ್ಕಿಂತ ದೊಡ್ಡ ನಷ್ಟ ಮರೆಯಲ್ಲಿತ್ತು. ಥೈರಾಯ್ಡ್ ಗ್ರಂಥಿಯ ಹಾರ್ಮೋನಿಗೆ ಅಯೋಡಿನ್ ಬೇಕು. ಗರ್ಭಸ್ಥ ಶಿಶುವಿನ ಮಿದುಳು ಬೆಳೆಯಲು ಆ ಹಾರ್ಮೋನು ಬೇಕು. ಬಸುರಿಯಲ್ಲಿ ಕೊರತೆ ತೀವ್ರವಾದರೆ ಮಗು ಕಿವುಡುತನ, ಬುದ್ಧಿಮಾಂದ್ಯಗಳಿಗೆ ಈಡಾಗಬಹುದು. ಹುಟ್ಟಿದ ಮೇಲೆ ಕೊಟ್ಟ ಅಯೋಡಿನ್ ಆ ನಷ್ಟವನ್ನು ಪೂರ್ತಿ ತುಂಬಲಾರದು.

1956ರಲ್ಲಿ ವಿ. ರಾಮಲಿಂಗಸ್ವಾಮಿ ಮತ್ತು ಸಂಗಡಿಗರು ಕಣಿವೆಯನ್ನು ಮೂರು ವಲಯಗಳಾಗಿ ವಿಂಗಡಿಸಿ ಅಧ್ಯಯನ ಆರಂಭಿಸಿದರು. ಎರಡು ವಲಯಗಳಿಗೆ ಅಯೋಡಿನ್ ಬೆರೆಸಿದ ಉಪ್ಪು, ಒಂದಕ್ಕೆ ಸಾದಾ ಉಪ್ಪು. ಕೆಲವೇ ವರ್ಷಗಳಲ್ಲಿ ಮೊದಲೆರಡು ವಲಯಗಳ ಶಾಲಾಮಕ್ಕಳಲ್ಲಿ ಗಳಗಂಡ ಗಣನೀಯವಾಗಿ ಇಳಿಯಿತು. ಬಳಿಕ ಮೂರನೆಯ ವಲಯಕ್ಕೂ ಅದೇ ಉಪ್ಪು ಸಿಕ್ಕಿತು.

1962ರಲ್ಲಿ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮ ಜಾರಿಗೆ ಬಂತು. 1992ರಲ್ಲಿ ಅದರ ಹೆಸರಿನಲ್ಲಿ ‘ಗಳಗಂಡ’ದ ಬದಲು ‘ಅಯೋಡಿನ್ ಕೊರತೆಯ ತೊಂದರೆಗಳು’ ಎಂದಾಯಿತು. ಅಪಾಯ ಕತ್ತಿಗಷ್ಟೇ ಅಲ್ಲ ಎಂಬುದನ್ನು ಹೆಸರೇ ಒಪ್ಪಿಕೊಂಡಿತು. ಆದರೂ ಅಯೋಡಿನ್ ರಹಿತ ಅಡುಗೆ ಉಪ್ಪಿನ ಮಾರಾಟದ ಮೇಲಿದ್ದ ಕೇಂದ್ರದ ನಿಷೇಧ 2000ದಲ್ಲಿ ತೆರವಾಗಿ, 2006ರಲ್ಲಷ್ಟೇ ಮರಳಿತು.

ಬಸುರಿಗೆ ದಿನಕ್ಕೆ ಬೇಕಾದುದು 250 ಮೈಕ್ರೋಗ್ರಾಂ, ಅತ್ಯಲ್ಪ ಪ್ರಮಾಣ. ತೊಳೆದುಹೋದ ಅಯೋಡಿನ್ ಮಣ್ಣಿಗೆ ಮರಳುವುದಿಲ್ಲವಾದ್ದರಿಂದ, ಉಪ್ಪಿನ ಕೆಲಸ ಒಂದು ತಲೆಮಾರಿಗೆ ಮುಗಿಯುವಂಥದ್ದಲ್ಲ.